ಅಡಾಜಣಿನ ಕರೆ

"ಎಷ್ಟು ಹೇಳಿದೆ?" ಬಾಲಚಂದ್ರ ರಾಯರು ಗಲ್ಲಾದ ಮೇಲಿನ ದೇವರ ಪಟಕ್ಕೆ ಊದುಬತ್ತಿ ಸಿಗಿಸುತ್ತಲೇ ಕೇಳಿದರು.

"ಎರಡು ಸಾವಿರ ಸಂಬಳ, ಧಣಿ." ರಘುರಾಮ ಹೆಗಲ ಬೈರಾಸು ತೆಗೆದು ಕೈಯಲ್ಲಿ ಹಿಂಡಿದ. "ಈಗಿನ ಸಾವಿರದ ನಾನೂರರಲ್ಲಿ ಆಗುವುದಿಲ್ಲ. ಒಂದು ಕೋಣೆ ಹಿಡಿದು ಗಿರಿಜಾಳನ್ನೂ ಮಗಳನ್ನೂ ಕರೆಸಿಕೊಳ್ಬೇಕು. ಮದುವೆಯಾಗಿ ಹತ್ತು ವರ್ಷ ಆಯ್ತು. ಒಟ್ಟಿಗೆ ಇದ್ದದ್ದು ಒಂದು ವರ್ಷವೂ ಇಲ್ಲ."

ಗುಜರಾತಿನ ಅಲ್ಕಾಪುರಿ ಬಡಾವಣೆಯ ಆ ಉಡುಪಿ ಹೋಟೆಲಿನಲ್ಲಿ ಅವನು ದೋಸೆ ಕಾವಲಿಯ ಮುಂದೆ ನಿಂತು ಹನ್ನೆರಡು ವರ್ಷ. ಸಾಂಬಾರು ಸಿಹಿಯಿಲ್ಲವೆಂದು ಗೊಣಗುವ ಗಿರಾಕಿಗಳೂ ಅವನ ದೋಸೆಗೆ ಕೊಂಕು ನುಡಿದವರಲ್ಲ. ಮಲಗಲಿಕ್ಕೆ ಹೋಟೆಲಿನ ಅಟ್ಟ. ಬೇಸಿಗೆಯಲ್ಲಿ ಆ ತಗಡಿನ ಕೆಳಗೆ ದೇವರೇ ಗತಿ. ಆದರೂ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ, ಪಾಪದವ.

"ನೀನು ನಮ್ಮ ಮನೆಯವ ಮಾರಾಯ. ಮನೆಯವರು ಹೀಗೆ ಕೇಳುವುದುಂಟಾ?"

ಈ ಮಾತಿಗೆ ಯಾವಾಗಲೂ ಕರಗುತ್ತಿದ್ದವನು ಇವತ್ತು ಕರಗಲಿಲ್ಲ. "ಬೇರೆ ಕಡೆ ಕರೀತಿದ್ದಾರೆ ಧಣಿ. ಸೂರತ್ತಿಗೆ. ಕೋಣೆಯೂ ಕೊಡ್ತಾರಂತೆ."

ಸುಳ್ಳಲ್ಲ. ಹೋದ ವರ್ಷ ಪ್ಲೇಗಿನ ಗಲಾಟೆಯಲ್ಲಿ ಸೂರತ್ ಬಿಟ್ಟು ಓಡಿದ ಅಡುಗೆಯವರಲ್ಲಿ ಎಷ್ಟೋ ಮಂದಿ ತಿರುಗಿ ಬಂದಿರಲಿಲ್ಲ.

ರಾಯರು ನಕ್ಕರು. "ಒಳ್ಳೇದಾಯ್ತಲ್ಲ! ಯಾರು, ನಮ್ಮೂರಿನವರೇನಾ?"

ಆ ನಗು ಕಂಡು ರಘುರಾಮನ ಎದೆ ಹಗುರಾಯಿತು. ಅಲ್ಲೇ ಎಡವಿದ ನೋಡಿ. "ಅಲ್ಲಿನ ಅಡಾಜಣ್ ಪೇಟೆಯ ಚಂದ್ರಶೇಖರ ರಾಯರು" ಎಂದುಬಿಟ್ಟ.

ಊರು ಬಿಟ್ಟು ಬಂದು ಹೋಟೆಲಿಟ್ಟ ಧಣಿಗಳ ನಡುವೆ ಕಾಗದದಲ್ಲಿಲ್ಲದ ಕರಾರೊಂದಿತ್ತು: ಒಬ್ಬರ ಅಡುಗೆಯವನನ್ನು ಇನ್ನೊಬ್ಬರು ಎಳೆದುಕೊಳ್ಳಬಾರದು. ಗುಟ್ಟಾಗಿ ಎಳೆದುಕೊಂಡರೆ ಯಾರೂ ಕೇಳುವುದಿಲ್ಲ. ಹೆಸರು ಬಯಲಾದರೆ ಮದುವೆ ಮುಂಜಿಗಳಲ್ಲಿ ಮುಖ ತೋರಿಸುವುದು ಹೇಗೆ? ಕೆಲಸ ಬಿಟ್ಟು ಬರುವವರೆಗೆ ತನ್ನ ಹೆಸರೆತ್ತಬೇಡ ಎಂದು ಚಂದ್ರಶೇಖರ ರಾಯರು ಎರಡು ಸಲ ಹೇಳಿದ್ದರು.

ಬಾಲಚಂದ್ರ ರಾಯರು ಆಗಲೇ ಫೋನು ಎತ್ತಿದ್ದರು. "ಚಂದ್ರಣ್ಣಾ, ನಮಸ್ಕಾರ. ನಮ್ಮ ರಘುರಾಮನನ್ನು ನೀವು ಕರೆದಿದ್ದೀರಂತೆ, ಹೌದಾ? ಹಾಂ... ನಾನೂ ಹಾಗೇ ಅಂದುಕೊಂಡೆ." ರಿಸೀವರನ್ನು ಅವನತ್ತ ಚಾಚಿದರು. "ತಗೋ, ನೀನೇ ಕೇಳು."

"ನಾನ್ಯಾವಾಗ ಕರೆದೆ ನಿನ್ನ?" ಎಂದಿತು ಸೂರತ್ತಿನ ದನಿ. "ಅನ್ನ ಹಾಕಿದವರ ಹತ್ತಿರ ಸುಳ್ಳು ಹೇಳ್ತೀಯಲ್ಲ, ನಾಚಿಕೆ ಆಗುವುದಿಲ್ವಾ?"

ರಘುರಾಮನಿಗೆ ಸಿಟ್ಟು ನೆತ್ತಿಗೇರಿತು. ಬಾಯಿಗೆ ಬಂದದ್ದು ಮಾತ್ರ "ತಪ್ಪಾಯ್ತು."

"ಹೋಗಲಿ ಬಿಡು," ಎಂದರು ಬಾಲಚಂದ್ರ ರಾಯರು. "ಮುಂದಿನ ತಿಂಗಳಿಂದ ಐವತ್ತು ಹೆಚ್ಚು ಕೊಡ್ತೇನೆ. ಕಾವಲಿ ಕಾದಿದೆ, ಹೋಗು."

ಮಧ್ಯಾಹ್ನದ ಬಿಡುವಿನಲ್ಲಿ ಸ್ಟೇಷನ್ ಹತ್ತಿರದ ಎಸ್‌ಟಿಡಿ ಬೂತಿನಿಂದ ಊರಿನ ನೆರೆಮನೆಗೆ ಫೋನು ಮಾಡಿದ. ಗಿರಿಜಾ ಓಡಿ ಬಂದಿದ್ದಳು, ಏದುಸಿರು ಕೇಳಿಸುತ್ತಿತ್ತು. ಅವನು ಬಾಯಿ ತೆರೆಯುವ ಮೊದಲೇ ಶುರುಮಾಡಿದಳು.

"ನೀವು ಖಂಡಿತ ಅಂದಿರಲ್ಲ, ಶಾಲೆಯಿಂದ ಟಿ.ಸಿ. ತೆಗೆಸಿಯಾಯ್ತು. ಪ್ರತೀಕ್ಷಾ ಕ್ಲಾಸಿಗೆಲ್ಲ ಪೆಪ್ಪರ್‌ಮಿಂಟು ಹಂಚಿ ಬಂದಿದ್ದಾಳೆ. ಇಕೊಳ್ಳಿ, ಅವಳಿಗೇ ಕೊಡ್ತೇನೆ."

"ಅಪ್ಪಾ, ಗುಜರಾತಿಯಲ್ಲಿ ನೀರಿಗೆ ಎಂತ ಹೇಳುವುದು?"

"ಪಾಣಿ."

"ಅನ್ನಕ್ಕೆ?"

"ಭಾತ್."

"ಮನೆಗೆ?"

ಬೂತಿನ ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು.

"ಘರ್," ಎಂದ ರಘುರಾಮ.

"ನಿಧಾನ ಹೇಳಿ ಅಪ್ಪ, ಬರ್ಕೊಳ್ತಿದ್ದೇನೆ."

ಅವನು ಇನ್ನೊಮ್ಮೆ ಹೇಳಿದ.