ಮೇಲಿನಂತೆ

ಒಂದೇ ಹಾಳೆ, ಏಳು ಸಾಲು, ಏಳೂ ಅವನದೇ ಕೈಬರಹ. ಹನ್ನೊಂದನೆಯ ಕಾಲಮ್ಮಿನ ತಲೆಯ ಮೇಲೆ 'ಮರಿಗಳಿಗೆ ಹಾಲೂಡಿಸುತ್ತಿದೆಯೇ?' ಎಂದು ಅಚ್ಚಾಗಿತ್ತು. ಮೊದಲ ಸಾಲಿನಲ್ಲಿ 'ಇಲ್ಲ' ಎಂದು ಬರೆದಿದ್ದ. ಮಿಕ್ಕ ಆರರಲ್ಲಿ 'ಮೇಲಿನಂತೆ'.

"ಮೇಷ್ಟ್ರೇ, ಲೈನಲ್ಲಿದ್ದೀರಾ?" ಫೋನಿನಲ್ಲಿ ನಾಯಿ ಆಸ್ಪತ್ರೆಯ ಡಾಕ್ಟರಮ್ಮ ಕೇಳಿದರು.

"ಇದ್ದೀನಿ."

"ನಾಲ್ಕನೇ ನಂಬರು, ಕಂದು ನಾಯಿ. ಆಪರೇಷನ್‌ಗೆ ಅಂತ ಮಲಗಿಸಿ ಹೊಟ್ಟೆ ಮೇಲಿನ ಕೂದಲು ತೆಗೀತಾ ಇದ್ದೆ. ಹಾಲು ಬಂತು. ಅಲ್ಲಿಗೇ ನಿಲ್ಲಿಸಿದೆ."

"ಹಾಗಾದ್ರೆ ವಾಪಸ್ ಬಿಟ್ಟುಬಿಡೋಣ."

"ಮತ್ತಿನ ಇಂಜೆಕ್ಷನ್ ಕೊಟ್ಟಾಗಿದೆ. ಸಂಜೆವರೆಗೆ ಎದ್ದು ನಿಲ್ಲಲ್ಲ. ನಿನ್ನೆ ಬೆಳಿಗ್ಗೆಯಿಂದ ಮರಿಗಳು ಎಲ್ಲೋ ಹಾಲಿಲ್ಲದೆ ಬಿದ್ದಿದ್ದಾವೆ. ಹುಡುಕಿ, ಬಟ್ಟೇಲಿ ಸುತ್ತಿ ಬೇಗ ತನ್ನಿ. ಕುಡಿಸೋದು ನನಗೆ ಬಿಡಿ. ಎಲ್ಲಿ ಹಿಡಿದಿದ್ದು ಅದನ್ನ?"

ಅವನ ಕಣ್ಣು ಎರಡನೆಯ ಕಾಲಮ್ಮಿಗೆ ಹೋಯಿತು. ಸ್ಥಳ. ಅಲ್ಲೂ 'ಮೇಲಿನಂತೆ' ಎಂದೇ ಇತ್ತು.

"ನೋಡಿ ಹೇಳ್ತೀನಿ," ಎಂದು ಫೋನು ಇಟ್ಟ.

"ಯಾರು?" ಒಳಗಿನಿಂದ ಹೆಂಡತಿ ಕೇಳಿದಳು.

"ಯಾರೂ ಇಲ್ಲ. ಡಾಕ್ಟರಮ್ಮ."

"ಯಾರೂ ಇಲ್ಲ ಅನ್ನೋರಿಗೆ ಇಷ್ಟು ಹೊತ್ತು ಉತ್ತರ ಕೊಟ್ರಾ?" ಅವಳು ಬಾಗಿಲಿಗೆ ಬಂದು ಅವನ ಮುಖ ನೋಡಿದಳು. "ಏನಾದ್ರೂ ತಪ್ಪಾಯ್ತಾ?"

"ಒಂದು ಸಣ್ಣ ಗೊಂದಲ. ಸರಿಹೋಗುತ್ತೆ."

ಅವಳು ಮತ್ತೆ ಕೇಳಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ಅವನ ಗೊಂದಲಗಳೆಲ್ಲ ಸಣ್ಣವೇ ಆಗಿದ್ದವು, ಎಲ್ಲವೂ ಸರಿಹೋಗಿದ್ದವು. ಹಾಗೆಂದು ಅವಳಿಗೆ ಹೇಳಲಾಗಿತ್ತು.

ಅವನು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಿದ್ದ. ಊರಿನ ಮರ, ಕೆರೆ, ಬೀದಿನಾಯಿಗಳ ಪರವಾಗಿ ಓಡಾಡುವ ಒಂದು ಪುಟ್ಟ ಸಂಘಕ್ಕೆ ಕಾರ್ಯದರ್ಶಿಯೂ ಆಗಿದ್ದ. ಸಂತಾನ ನಿಯಂತ್ರಣಕ್ಕೆಂದು ನಾಯಿಗಳನ್ನು ಹಿಡಿಯುವಾಗ ಸಂಘದವರೊಬ್ಬರು ಜೊತೆಗಿದ್ದು, ಪ್ರತಿ ಹೆಣ್ಣುನಾಯಿಯ ಹೊಟ್ಟೆಯನ್ನು ಕೈಯಿಂದ ಮುಟ್ಟಿ ನೋಡಿಯೇ ಹಾಳೆ ತುಂಬಬೇಕು ಎಂಬ ನಿಯಮವನ್ನು ಬರೆದವನು ಅವನೇ. ಬೇರೆ ಊರಿನವರು ಬಂದು ಆ ನಿಯಮವನ್ನು ನಕಲು ಮಾಡಿಕೊಂಡು ಹೋಗಿದ್ದರು.

ಎರಡು ವರ್ಷಗಳಲ್ಲಿ ಅವನು ಒಂದು ನಾಯಿಯನ್ನೂ ಮುಟ್ಟಿರಲಿಲ್ಲ. ನಾಯಿ ಎಂಬ ಜೀವಿಯ ಬಗ್ಗೆ ಅವನಿಗಿದ್ದ ಕಳಕಳಿ ನಿಜವಾದದ್ದು. ಅದರ ಬಗ್ಗೆ ಬರೆಯುವಾಗ ಅವನ ಕಣ್ಣು ತುಂಬಿದ್ದೂ ಉಂಟು. ಆದರೆ ಎದುರಿಗೆ ಬಂದು ನಿಂತ ಒಂದೊಂದು ನಾಯಿಯೂ ಅವನಲ್ಲಿ ಹೇಸಿಗೆ ಹುಟ್ಟಿಸುತ್ತಿತ್ತು. ಆ ಒದ್ದೆ ಬಾಯಿ, ಆ ಬಿಸಿ. ಅವನು ಮೂರಡಿ ದೂರದಲ್ಲಿ ಪೆನ್ನು ಹಿಡಿದು ನಿಲ್ಲುತ್ತಿದ್ದ. ಬಲೆ ಹಾಕುವವನು ಹೊಟ್ಟೆ ಸವರಿ ಹೇಳುತ್ತಿದ್ದ, ಅವನು ಬರೆಯುತ್ತಿದ್ದ. ನಿನ್ನೆ ಆ ಮನುಷ್ಯನ ಕೈಗೆ ಬಿಡುವಿರಲಿಲ್ಲ. "ನೀವೇ ನೋಡ್ಕೊಳಿ ಸಾರ್," ಎಂದಿದ್ದ. ಇವನು ಹೂಂಗುಟ್ಟಿದ್ದ. ಆಮೇಲೆ ವ್ಯಾನಿನಲ್ಲಿ ಕೂತು, ಏಳು ಸಾಲನ್ನೂ ಒಂದೇ ಉಸಿರಿಗೆ ತುಂಬಿದ್ದ.

ಈಗ ಅದೇ ಬಲೆಯವನಿಗೆ ಫೋನು ಮಾಡಬೇಕಾಯಿತು.

"ಕಂದು ಬಣ್ಣದ್ದಾ ಸಾರ್? ಎರಡಿದ್ವಲ್ಲ. ಒಂದು ಗೋದಾಮಿನ ಹಿಂದೆ, ಇನ್ನೊಂದು ಆ ಟೈಲರಮ್ಮನ ಅಂಗಡಿ ಹತ್ರ. ಯಾವುದು ಎಷ್ಟನೇ ನಂಬರು ಅಂತ ನೀವೇ ಬರ್ಕೊಂಡ್ರಲ್ಲ."

"ಬರ್ಕೊಂಡಿದ್ದೀನಿ. ಸುಮ್ನೆ ಖಾತ್ರಿ ಮಾಡ್ಕೊಳ್ಳೋಣ ಅಂತ."

"ಬರ್ಕೊಂಡಿದ್ರೆ ಸರಿ ಬಿಡಿ."

ಕಾಲೇಜಿಗೆ ರಜೆ ಹೇಳಿ ಮೊದಲು ಗೋದಾಮಿಗೆ ಹೋದ. ಹತ್ತಿರವಿದ್ದದ್ದು ಅದು. ಕಾವಲುಗಾರ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಗೇಟು ತೆರೆದ. ಮುರಿದ ಪೆಟ್ಟಿಗೆಗಳ ಸಂದಿ, ತುಕ್ಕು ಹಿಡಿದ ಲಾರಿಯ ಅಡಿ, ಚರಂಡಿಯ ಅಂಚು ಎಲ್ಲ ನೋಡಿದ. ಒಂದು ಕೋಲಿನಿಂದ ತಳ್ಳಿ ತಳ್ಳಿ ನೋಡಿದ.

"ಏನು ಕಳ್ಕೊಂಡ್ರಿ?" ಕಾವಲುಗಾರ ಕೇಳಿದ.

"ನಾಯಿಮರಿ."

"ನಿಮ್ಮದಾ?"

"ಸಂಘದ್ದು," ಎಂದ. ಕಾವಲುಗಾರ ನಗು ನುಂಗಿಕೊಂಡು ಪಕ್ಕಕ್ಕೆ ತಿರುಗಿದ.

ಅಲ್ಲಿ ಏನೂ ಇರಲಿಲ್ಲ. ಗಂಟೆ ಒಂದೂವರೆ. ಎರಡಕ್ಕೆ ಗ್ರಂಥಾಲಯದ ಮೇಲಿನ ಕೋಣೆಯಲ್ಲಿ ಹೊಸ ಕಾರ್ಯಕರ್ತರಿಗೆ ತರಬೇತಿ ಇತ್ತು, ಕೊಡಬೇಕಾದವನು ಅವನೇ. ಟೈಲರಮ್ಮನ ಬೀದಿ ಊರಿನ ಇನ್ನೊಂದು ತುದಿ. ಬಸ್ ನಿಲ್ದಾಣದಲ್ಲಿ ಎರಡು ನಿಮಿಷ ನಿಂತ. ಹನ್ನೊಂದು ಜನ ಕೆಲಸ ಬಿಟ್ಟು ಬಂದಿರುತ್ತಾರೆ, ಅವರು ನಾಳೆ ನೂರಾರು ನಾಯಿಗಳನ್ನು ಉಳಿಸುವವರು, ಒಂದು ಗಂಟೆಯಲ್ಲಿ ಅಂಥದ್ದೇನು ಆಗಿಬಿಡುತ್ತದೆ ಎಂದು ಲೆಕ್ಕ ಹಾಕಿದ. ಲೆಕ್ಕ ಸರಿಯಾಗಿಯೇ ಇತ್ತು. ನಿಜ ಹೇಳಬೇಕೆಂದರೆ, ಆ ಕೋಣೆಯಲ್ಲಿ ಅವನೊಬ್ಬ ದೊಡ್ಡ ಮನುಷ್ಯನಾಗಿದ್ದ. ಅವನಿಗೆ ಆ ಹೊತ್ತು ಅದು ಬೇಕಾಗಿತ್ತು.

ಚೆನ್ನಾಗಿ ಮಾತಾಡಿದ. ಹಾಳೆಯ ಹನ್ನೊಂದನೆಯ ಕಾಲಮ್ಮಿಗೆ ಬಂದಾಗಲೂ ದನಿ ನಡುಗಲಿಲ್ಲ. ಅದು ಅವನಿಗೇ ಆಶ್ಚರ್ಯ ತಂದಿತು.

ಮುಂದಿನ ಸಾಲಿನಲ್ಲಿದ್ದ ಬ್ಯಾಂಕಿನ ಹೆಂಗಸೊಬ್ಬಳು ಕೈ ಎತ್ತಿದಳು. "ಹೊಟ್ಟೆ ಮುಟ್ಟಿ ನೋಡುವಾಗ ಕೈಗವಸು ಹಾಕ್ಕೋಬಹುದಾ ಸಾರ್?"

"ಬೇಡ," ಎಂದ. "ಬರಿಗೈಯಲ್ಲೇ ನೋಡಬೇಕು. ಬಿಸಿ ಗೊತ್ತಾಗಬೇಕಲ್ಲ."

ಅವಳು ಅದನ್ನು ಬರೆದುಕೊಂಡಳು. ಉಳಿದ ಹತ್ತು ಜನರೂ ಬರೆದುಕೊಂಡರು. ಅವನ ಜೇಬಿನಲ್ಲಿ ಫೋನು ಎರಡು ಸಲ ಗುಂಯ್‌ಗುಟ್ಟಿ ಸುಮ್ಮನಾಯಿತು. ಡಾಕ್ಟರಮ್ಮನೇ ಇರಬೇಕು.

ಟೈಲರಮ್ಮನ ಬೀದಿಗೆ ಬರುವಷ್ಟರಲ್ಲಿ ನಾಲ್ಕು ಗಂಟೆ. ನಾಲ್ಕು ಮೆಟ್ಟಿಲಿನ ಪುಟ್ಟ ಅಂಗಡಿ, ಒಳಗೆ ಒಂದೇ ಹೊಲಿಗೆ ಯಂತ್ರ. ಅವಳು ತಲೆ ಎತ್ತಿ ನೋಡಿ, ಯಂತ್ರ ನಿಲ್ಲಿಸಿದಳು.

"ನಿನ್ನೆ ಪೆನ್ನು ಹಿಡ್ಕೊಂಡು ನಿಂತಿದ್ದೋರು ನೀವೇ ಅಲ್ವಾ?"

"ಹೌದು. ಆ ನಾಯಿಗೆ ಮರಿಗಳೇನಾದ್ರೂ..."

"ಹೇಳಿದ್ನಲ್ಲ ನಿನ್ನೆ. ಅದು ಬಾಣಂತಿ, ಬಿಟ್ಬಿಡಿ ಅಂತ. ನೀವು ನಕ್ಕು ನನ್ನ ಕೈಗೊಂದು ಕಾಗದ ಕೊಟ್ರಿ."

ಅವನಿಗೆ ನೆನಪಾಯಿತು. ಬೀದಿಯಲ್ಲಿ ಯಾರು ಏನು ಅಂದರೂ ನಕ್ಕು ಕರಪತ್ರ ಕೊಡುವುದು ಅವನ ರೂಢಿ. ಅವಳು ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡಿದ್ದ. ಕರಪತ್ರ ಈಗ ಯಂತ್ರದ ಪಕ್ಕದಲ್ಲಿತ್ತು. ಅದನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ ಯಾವುದೋ ಮಗುವಿನ ಅಂಗಿಯ ಕತ್ತಿನ ಅಳತೆ ಮಾಡಿಕೊಂಡಿದ್ದಳು.

"ಎಲ್ಲಿದ್ದಾವೆ?"

"ಇಲ್ಲೇ, ಮೆಟ್ಟಿಲ ಕೆಳಗೆ. ಹುಟ್ಟಿ ಇನ್ನೂ ವಾರ ಆಗಿಲ್ಲ. ರಾತ್ರಿಯೆಲ್ಲ ಕೂಗಿದ್ವಂತೆ, ಪಕ್ಕದ ಮನೆಯೋರು ಹೇಳಿದ್ರು. ತಟ್ಟೇಲಿ ಹಾಲಿಟ್ಟೆ. ಕಣ್ಣೇ ಬಿಟ್ಟಿಲ್ಲ, ಅವು ಎಲ್ಲಿ ಬಂದು ಕುಡೀತಾವೆ? ಕೈ ಹಾಕೋಣ ಅಂದ್ರೆ ನನ್ನ ತೋಳು ಹೋಗಲ್ಲ." ಅವಳು ಅವನ ಕೈಗಳನ್ನೇ ನೋಡುತ್ತಿದ್ದಳು. "ಮೂರು ಗಂಟೆವರೆಗೂ ಒಂದೊಂದು ಸಲ ಕುಂಯ್ ಅಂತಿದ್ವು. ಸದ್ದಡಗಿ ಈಗ ಒಂದು ಗಂಟೆಯಾಯ್ತು."

ಒಂದು ಗಂಟೆ. ಅವನು ಅದನ್ನು ಮನಸ್ಸಿನಲ್ಲೇ ಹಿಂದಕ್ಕೆ ಎಣಿಸಿದ. ಎಣಿಸಬಾರದಾಗಿತ್ತು ಅನ್ನಿಸಿತು.

"ನಿಮ್ಮ ತೋಳು ಸಣ್ಣ," ಎಂದಳು ಟೈಲರಮ್ಮ. "ಮಲಗಿ ಕೈ ಹಾಕಿ."

ಮಲಗಬೇಕಾಯಿತು. ಇಸ್ತ್ರಿ ಮಾಡಿದ ಅಂಗಿಯಲ್ಲಿ, ಬೀದಿಯ ಧೂಳಿನ ಮೇಲೆ, ಒಂದು ಕೆನ್ನೆಯನ್ನು ಕಲ್ಲಿಗೆ ಆನಿಸಿ. ಮೆಟ್ಟಿಲ ಕಲ್ಲಿಗೂ ನೆಲಕ್ಕೂ ನಡುವೆ ಒಂದು ಗೇಣಿಗೂ ಕಡಿಮೆ ಸಂದಿ. ಕೈ ಒಳಗೆ ಹೋಯಿತು, ಮೊಣಕೈ ಹೋಯಿತು, ಭುಜ ಕಲ್ಲಿಗೆ ತಾಗಿ ನಿಂತಿತು. ಒಳಗೆ ಏನಿದೆಯೋ ಕಾಣುತ್ತಿರಲಿಲ್ಲ. ಬೆರಳು ಮಣ್ಣನ್ನು, ಒಂದು ಚಿಂದಿ ಬಟ್ಟೆಯನ್ನು, ಆಮೇಲೆ ಕೂದಲನ್ನು ಮುಟ್ಟಿತು. ಅದು ತಣ್ಣಗಿತ್ತು. ಅದರ ಪಕ್ಕದಲ್ಲಿ ಇನ್ನೊಂದು, ಅದೂ ತಣ್ಣಗೆ. ಮೂರನೆಯದು ಎರಡರ ಕೆಳಗೆ ಸಿಕ್ಕಿಕೊಂಡಿತ್ತು, ಅದೂ ಅಲುಗಲಿಲ್ಲ.

"ಸಿಕ್ಕಿದ್ವಾ?"

ಹೊಣೆಗೇಡಿ ಎಂದು ತನ್ನನ್ನು ಯಾರಾದರೂ ಜೋರಾಗಿ ಬೈದರೆ ಸಾಕು ಅನ್ನಿಸಿತು. ಯಾರೂ ಬೈಯಲಿಲ್ಲ. ಕೈಯನ್ನು ಇನ್ನೊಂದಿಷ್ಟು ಒಳಗೆ ತಳ್ಳಿದ, ಭುಜ ತರಚಿತು. ಆಗ ಗೋಡೆಯ ಮೂಲೆಯಲ್ಲಿ ಏನೋ ಅಲುಗಾಡಿತು. ಬಿಸಿಯಾದ, ಒದ್ದೆಯಾದ ಬಾಯೊಂದು ತಡಕಾಡಿ ತಡಕಾಡಿ ಅವನ ತೋರುಬೆರಳ ತುದಿಯನ್ನು ಹಿಡಿದುಕೊಂಡಿತು.

ಕೈ ತಾನಾಗಿಯೇ ಹಿಂದಕ್ಕೆ ಬರಲು ಹೊರಟಿತು, ಬಾಯಿ ಬಿಡಲಿಲ್ಲ.

"ಒಂದು ಇದೆ," ಎಂದ. "ಜೀವ ಇದೆ."

"ಎಳ್ಕೊಳಿ ಮತ್ತೆ."

"ಬೆರಳ ತುದಿಯಷ್ಟೇ ತಾಗ್ತಾ ಇದೆ. ಹಿಡಿಯೋಕೆ ಎಟುಕೋದಿಲ್ಲ."

ಟೈಲರಮ್ಮ ಬಗ್ಗಿ ನೋಡಿದಳು. "ಕಲ್ಲು ಎತ್ತಬೇಕು ಹಾಗಾದ್ರೆ. ಬಿಡಬೇಡಿ, ಹಾಗೇ ಇರಿ. ಪಕ್ಕದ ಬೀದಿಯಲ್ಲಿ ಮನೆ ಕಟ್ತಾ ಇದ್ದಾರೆ, ಹಾರೆ ಇಸ್ಕೊಂಡು ಬರ್ತೀನಿ." ಅವಳ ಚಪ್ಪಲಿಯ ಸದ್ದು ದೂರವಾಯಿತು.

ಜನ ಅವನ ಕಾಲುಗಳನ್ನು ಸುತ್ತಿ ಹೋಗುತ್ತಿದ್ದರು. ಯಾರೋ ಒಬ್ಬ ನಿಂತು, ಕುಡಿದಿದ್ದಾನಾ ಎಂದು ಇನ್ನೊಬ್ಬನನ್ನು ಕೇಳಿ ಮುಂದೆ ಹೋದ. ಫೋನು ಮತ್ತೆ ಗುಂಯ್‌ಗುಟ್ಟತೊಡಗಿತು. ತೆಗೆಯಲು ಇನ್ನೊಂದು ಕೈ ಇತ್ತು, ತೆಗೆಯಲಿಲ್ಲ. ಅಲುಗಿದರೆ ಬೆರಳು ಜಾರಿಬಿಡುತ್ತದೆ ಎಂಬ ಭಯ. ಮರಿ ಚೀಪುತ್ತಿತ್ತು. ಜೋರಾಗಿ ಎಳೆಯುವುದು, ಒಂದು ಕ್ಷಣ ನಿಲ್ಲಿಸುವುದು, ಮತ್ತೆ ಎಳೆಯುವುದು. ನಿಲ್ಲಿಸುವ ಹೊತ್ತು ಸ್ವಲ್ಪ ಸ್ವಲ್ಪವೇ ಉದ್ದವಾಗುತ್ತಿತ್ತು. ಹಾಗೆ ನಿಂತಾಗಲೆಲ್ಲ ಅವನು ಬೆರಳನ್ನು ಮೆಲ್ಲಗೆ ಅಲುಗಿಸುತ್ತಿದ್ದ. ಆಗ ಕತ್ತಲೆಯೊಳಗೆ ಆ ಬಾಯಿ ಮತ್ತೆ ಬಿಗಿಯಾಗಿ ಕಚ್ಚಿಕೊಂಡು, ಈ ಸಲ ಹಾಲು ಬಂದೇ ಬರುತ್ತದೆಂದು ಎಳೆಯುತ್ತಿತ್ತು.