ಬೀರುವಿನೊಳಗಿನ ದನಿ

ಸ್ಟುಡಿಯೋದಲ್ಲಿ ಎಲ್ಲರೂ ಅವನನ್ನು ಕಿವಿರಾಯ ಅಂತಲೇ ಕರೆಯುತ್ತಿದ್ದರು. ನಲವತ್ತು ವರ್ಷದಿಂದ ಧ್ವನಿ ಹಿಡಿಯುವ ಕೆಲಸ. ಗೋಡೆಯಾಚೆ ಯಾರಾದರೂ ಚಪ್ಪಲಿ ಎಳೆದು ನಡೆದರೂ ಶೂಟಿಂಗ್ ನಿಲ್ಲಿಸಿ ಬೈಯುವ ಆಸಾಮಿ. ಅಂಥವನು ಅರವತ್ತನಾಲ್ಕನೇ ವಯಸ್ಸಿನಲ್ಲಿ, ಅಲ್ಲೇ ನಟನಟಿಯರ ಬಟ್ಟೆ ಹೊಲಿಯುತ್ತಿದ್ದ ದರ್ಜಿಯಮ್ಮನನ್ನು ಮದುವೆಯಾದ. ಆಕೆಗಾಗ ಅರವತ್ತು, ಮೊದಲ ಗಂಡ ತೀರಿಕೊಂಡು ಹದಿನೈದು ವರ್ಷವಾಗಿತ್ತು. ಸ್ಟುಡಿಯೋಗೆ ಕಥೆ ಬರೆದುಕೊಡುತ್ತಿದ್ದಾಕೆ ಇವರನ್ನೇ ನೋಡಿ, ಮುಪ್ಪಿನಲ್ಲಿ ಮದುವೆಯಾದ ಜೋಡಿಯ ನಗೆ ಧಾರಾವಾಹಿ ಬರೆದಳು. ಅದು ಮನೆಮಾತಾಗಿಹೋಯಿತು.

ನಾಲ್ಕು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ದರ್ಜಿಯಮ್ಮನ ಮನಸ್ಸಿನಲ್ಲೊಂದು ಅನುಮಾನ ಬಂದು ಕೂತಿತು. ಒಲೆಯ ಪಕ್ಕದಲ್ಲೇ ಕೂತು ಪೇಪರ್ ಓದುವ ಗಂಡ, ಕುಕ್ಕರ್ ನಾಲ್ಕು ಸಲ ಕೂಗಿದರೂ ತಲೆ ಎತ್ತುತ್ತಿರಲಿಲ್ಲ. ಕೇಳಿದರೆ, "ಏನೋ ಯೋಚನೇಲಿದ್ದೆ ಕಣೇ" ಅಂತ ತೇಲಿಸಿಬಿಡುತ್ತಿದ್ದ.

ಆಕೆ ಮತ್ತೆ ಕೇಳಲಿಲ್ಲ. ಶೂಟಿಂಗ್ ವೇಳೆ ಸೂಜಿದಾರ ಹಿಡಿದು ಅವನ ಕುರ್ಚಿಯ ಹಿಂದೆ ನಿಲ್ಲತೊಡಗಿದಳು, ಅಷ್ಟೆ. ಎಲ್ಲೋ ಫ್ಯಾನ್ ಗುಂಯ್ ಅಂದರೆ ಅವನ ಭುಜ ಮುಟ್ಟಿ ಆ ಕಡೆ ಕಣ್ಣು ತೋರಿಸುವಳು. ಅವನು ತಕ್ಷಣ, "ಯಾರ್ರೀ ಅದು, ಫ್ಯಾನ್ ಆರಿಸಿ!" ಅಂತ ಗುಡುಗುವನು. ಬಾಯಿಬಿಟ್ಟು ಹೇಳಿದರೆ ಕಿವಿರಾಯನಿಂದ ಕಿವಿ ಕಿತ್ತುಕೊಂಡ ಹಾಗೆ. ಆಮೇಲೆ ಆ ಮನುಷ್ಯನಲ್ಲಿ ಉಳಿಯುವುದೇನು? ಹೀಗೆ ಆರು ತಿಂಗಳು ಕಳೆಯಿತು.

ಒಂದು ದಿನ ಆ ಧಾರಾವಾಹಿಗೆ ತೆಗೆಯಬೇಕಿದ್ದ ದೃಶ್ಯ ಇಷ್ಟೇ. ಗಂಡ ತನ್ನ ಬೆನ್ನ ಹಿಂದೆ ಏನು ಆಡಿಕೊಳ್ಳುತ್ತಾನೆಂದು ಕೇಳಲು ಹೆಂಡತಿ ಮರದ ಬೀರುವಿನೊಳಗೆ ಅಡಗಬೇಕು. ಬೀರು ಅಲುಗಾಡಬೇಕು, ಗಂಡ ಇಲಿ ಅಂತ ಹೆದರಬೇಕು. ಹೆಂಡತಿಯ ಪಾತ್ರ ದೊಡ್ಡಮ್ಮನದು. ಎಪ್ಪತ್ತನಾಲ್ಕರ ಹಿರಿಯ ನಟಿ, ಇಡೀ ಸ್ಟುಡಿಯೋಗೇ ದೊಡ್ಡಮ್ಮ. ಆಕೆಗೆ ಉಬ್ಬಸ. ಉಸಿರಿಗೆ ಎಳೆದುಕೊಳ್ಳುವ ಪಂಪ್ ಸದಾ ಸೊಂಟದಲ್ಲೇ.

"ಅಲ್ಲಿ ಉಬ್ಬಿ ಕಾಣ್ತಿದೆ, ಕೊಡಿ ದೊಡ್ಡಮ್ಮ. ನಾನು ಇಲ್ಲೇ ಇರ್ತೀನಿ" ಅಂತ ದರ್ಜಿಯಮ್ಮ ಪಂಪ್ ಇಸಿದುಕೊಂಡಳು.

ಬಾಗಿಲು ತಾನಾಗಿ ತೆರೆದುಕೊಳ್ಳುತ್ತದೆಂದು ಬಡಗಿ ಬೆಳಿಗ್ಗೆಯಷ್ಟೇ ಹೊಸ ಚಿಲಕ ಹಾಕಿದ್ದ. ದೊಡ್ಡಮ್ಮ ಒಳಗೆ ಹೋದಳು. ಟಕ್ ಅಂತ ಬಾಗಿಲು ಮುಚ್ಚಿತು. ಹೊರಗೆ ಗಂಡನ ಪಾತ್ರದವನು ಮಾತು ಶುರುಮಾಡಿದ. ಒಂದೇ ಉಸಿರಿನ ಐದು ನಿಮಿಷದ ದೃಶ್ಯ, ನಡುವೆ ನಿಲ್ಲಿಸುವ ಹಾಗಿಲ್ಲ. ಕಿವಿರಾಯ ಇರುವಾಗ ತನಗೇಕೆಂದು ನಿರ್ದೇಶಕ ಕಿವಿಗೆ ಹೆಡ್‌ಫೋನೂ ಹಾಕಿಕೊಂಡಿರಲಿಲ್ಲ.

ಬೀರು ಅಲುಗಿತು. ಎಲ್ಲರೂ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಮತ್ತೆ ಅಲುಗಿತು, ಈ ಸಲ ಜೋರಾಗಿ. "ಅಯ್ಯೋ, ಇದು ಇಲಿಯಲ್ಲ, ಹೆಗ್ಗಣ!" ಅಂದ ಹೊರಗಿನವನು. ನಗು ತಡೆಯಲಾಗದೆ ನಿರ್ದೇಶಕನ ಕಣ್ಣಲ್ಲಿ ನೀರು ಬಂತು.

ದರ್ಜಿಯಮ್ಮನೂ ನಗುತ್ತಲೇ ಕಿವಿರಾಯನ ಮುಂದಿದ್ದ ಧ್ವನಿಯಂತ್ರದ ಕಡೆ ಕಣ್ಣುಹಾಯಿಸಿದಳು. ದೊಡ್ಡಮ್ಮನ ಎದೆಯ ಮೈಕಿನ ಸಾಲಿನಲ್ಲಿ, ಸದ್ದು ಬಂದಾಗ ಮಿನುಗುವ ಕೆಂಪು ದೀಪ ಹತ್ತಿ ಆರುತ್ತಿತ್ತು. ಹತ್ತಿತು, ಆರಿತು, ಹತ್ತಿತು. ಆ ದೃಶ್ಯದಲ್ಲಿ ದೊಡ್ಡಮ್ಮನಿಗೆ ಒಂದಕ್ಷರದ ಮಾತಿಲ್ಲ. ಕಿವಿರಾಯ ಮಾತ್ರ ಹೆಡ್‌ಫೋನ್ ಹಾಕಿಕೊಂಡು ನೆಮ್ಮದಿಯಾಗಿ ಕೂತಿದ್ದ.

ದರ್ಜಿಯಮ್ಮ ಮುಂದಕ್ಕೆ ಬಾಗಿದಳು. ಅವನ ತಲೆಯಿಂದ ಹೆಡ್‌ಫೋನ್ ಕಿತ್ತು ತನ್ನ ಕಿವಿಗೆ ಒತ್ತಿಕೊಂಡಳು. ಒಳಗಿಂದ ಕೀಚಲು ಉಸಿರು, ಅದರ ನಡುವೆ ತುಂಡು ತುಂಡಾಗಿ ಒಂದೇ ಮಾತು: "ತೆಗೀರೋ... ತೆಗೀರೋ..."

"ನಿಲ್ಲಿಸ್ರೋ! ದೊಡ್ಡಮ್ಮಂಗೆ ಉಸಿರು ಕಟ್ಟಿದೆ!"

ಆಕೆಯ ಕೂಗಿಗೆ ಗಂಡನ ಪಾತ್ರದವನು ಓಡಿ ಬೀರುವಿನ ಬಾಗಿಲು ಜಗ್ಗಿದ. ಚಿಲಕ ಸಿಕ್ಕಿಕೊಂಡು ಬಿಟ್ಟಿತ್ತು. ಬಡಗಿ ಓಡಿಬಂದು ಉಳಿ ತೂರಿಸಿ ಬಾಗಿಲು ಮೀಟುವಷ್ಟರಲ್ಲಿ ಬೀರು ಅಲುಗುವುದೇ ನಿಂತುಹೋಗಿತ್ತು. ಆ ಸದ್ದಿಲ್ಲದ ಗಳಿಗೆಯಲ್ಲಿ ಕಂಡಷ್ಟು ಭಯವನ್ನು ದರ್ಜಿಯಮ್ಮ ಮೊದಲ ಗಂಡನ ಹಾಸಿಗೆಯ ಪಕ್ಕದಲ್ಲೂ ಕಂಡಿರಲಿಲ್ಲ.

ಬಾಗಿಲು ಬಿಚ್ಚಿದೊಡನೆ ದೊಡ್ಡಮ್ಮ ಬಟ್ಟೆಗಳ ಜೊತೆ ಹೊರಗೆ ಕುಸಿದಳು. ತುಟಿ ನೀಲಿಗಟ್ಟಿತ್ತು. ದರ್ಜಿಯಮ್ಮ ಪಂಪ್ ಅವಳ ಬಾಯಿಗಿಟ್ಟು ಒತ್ತಿದಳು. ಒಂದು, ಎರಡು, ಮೂರು. ಕೊನೆಗೆ ಎದೆ ಏರಿತು, ಇಳಿಯಿತು.

ಆಂಬುಲೆನ್ಸ್ ಹೊರಟ ಮೇಲೆ ನಿರ್ದೇಶಕ ಬಡಗಿಯ ಮೇಲೆ ಹರಿಹಾಯ್ದ. ಆಗ ಕಿವಿರಾಯ ಎದ್ದುನಿಂತ.

"ಅವನನ್ನ ಬೈಬೇಡಿ. ದೊಡ್ಡಮ್ಮ ನನ್ನ ಕಿವಿಯೊಳಗೇ ಕೂಗಿದ್ದು. ನನಗೆ ಕೇಳಲಿಲ್ಲ. ದೀಪ ನೋಡಿದೆ, ಬಟ್ಟೆ ಮೈಕಿಗೆ ಉಜ್ಜಿಕೊಳ್ತಿದೆ ಅಂದ್ಕೊಂಡೆ. ಒಂದೂವರೆ ವರ್ಷದಿಂದ ಕಿವಿ ಸರಿಯಾಗಿ ಕೇಳ್ತಿಲ್ಲ ನನಗೆ."

ದರ್ಜಿಯಮ್ಮ ಅವನ ಪಕ್ಕಕ್ಕೆ ಬಂದು ನಿಂತಳು. "ನಂಗೂ ಗೊತ್ತಿತ್ತು" ಅಂದಳು.

ದೊಡ್ಡಮ್ಮ ಉಳಿದುಕೊಂಡಳು. ಆದರೆ ಆಸ್ಪತ್ರೆಗೆ ನೋಡಲು ಹೋದ ದರ್ಜಿಯಮ್ಮನನ್ನು ಕೂತ್ಕೋ ಅನ್ನಲಿಲ್ಲ. "ಅವನಿಗೆ ಕಿವಿ ಕೇಳಲ್ಲ, ಒಪ್ಪಿದೆ. ನಿಂಗೆ ಬಾಯಿರಲಿಲ್ವೇನೇ?" ಅಂದು ಗೋಡೆಯ ಕಡೆ ಹೊರಳಿದಳು.

ಕಿವಿರಾಯ ಕೆಲಸ ಬಿಟ್ಟ. ವಾರ ಕಳೆದು ಇಬ್ಬರೂ ಕಿವಿ ಡಾಕ್ಟರ ಹತ್ತಿರ ಹೋದರು. ಇರುವಷ್ಟು ಉಳಿಸಬಹುದು, ಹೋದದ್ದು ಬರುವುದಿಲ್ಲ ಅಂದರು ಡಾಕ್ಟರು. ಹೊರಬಂದು ರಸ್ತೆಗೆ ಕಾಲಿಟ್ಟಾಗ ಅವನು ತಲೆತಗ್ಗಿಸಿ ನೇರ ನಡೆದುಬಿಟ್ಟ. ತಿರುವಿನಿಂದ ಬಸ್ಸೊಂದು ನುಗ್ಗಿಬಂತು. ದರ್ಜಿಯಮ್ಮ ಅಂಗಿ ಹಿಡಿದು ಹಿಂದಕ್ಕೆಳೆದಳು. ತೋಳಿನ ಹೊಲಿಗೆ ಪರ್‌ ಅಂತ ಬಿಚ್ಚಿತು. ಬಸ್ಸು ಗಾಳಿ ಹೊಡೆದು ದಾಟಿಹೋಯಿತು.

ಅವನು ಬಸ್ಸು ಹೋದ ದಿಕ್ಕನ್ನೇ ನೋಡುತ್ತ ನಿಂತ.

"ನಂಗೆ ಹೆದರಿಕೆ ಆಗ್ತಿದೆ ಕಣೇ" ಅಂದ. ಮದುವೆಯಾದಾಗಿನಿಂದ ಆ ಮಾತು ಅವನ ಬಾಯಲ್ಲಿ ಬಂದದ್ದು ಅದೇ ಮೊದಲು.

ಅವನಿಗೆ ಕೇಳುವಷ್ಟು ಗಟ್ಟಿಯಾಗಿ, ಅಕ್ಕಪಕ್ಕದವರು ತಿರುಗಿ ನೋಡುವ ಹಾಗೆ, ಆಕೆ ಹೇಳಿದಳು: "ನಂಗೂ ಆಗ್ತಿದೆ ರೀ! ಕೈ ಬಿಡಬೇಡಿ!"