ಬೂದಿಪಡೆಯ ಪಾಳಿಪಟ್ಟಿ

ಇದನ್ನು ಹೇಳಲು ಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ವಯಸ್ಸಾದವರು ಒಂದು ಆಟಕ್ಕಾಗಿ ಇಷ್ಟು ತಲೆ ಕೆಡಿಸಿಕೊಳ್ಳುತ್ತಾರೆಯೇ ಎಂದು ನಗುವವರಿದ್ದಾರೆ; ಅವರು ನಗಬಹುದು. ತಪ್ಪು ಮಾಡಿದವಳೇ ಕಥೆ ಹೇಳಿದರೆ ತಪ್ಪು ತುಸು ಚಿಕ್ಕದಾಗಿ ಕಾಣುವ ಅಪಾಯವೂ ಇದೆ. ಅದು ಎಷ್ಟಿತ್ತೋ ಅಷ್ಟನ್ನೇ ಹೇಳಲು ನೋಡುತ್ತೇನೆ.

ನಾನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಕೂರಿಸುವವಳು. ಗಿರಾಕಿಯ ಎರಡು ಕಣ್ಣುಗಳ ನಡುವಿನ ದೂರ ಚೀಟಿಯಲ್ಲಿ ಬರೆದು ಬರುತ್ತದೆ. ಗಾಜಿನ ಮೇಲೆ ಮಸಿಯ ಚುಕ್ಕೆ ಇಡುತ್ತೇನೆ. ಆ ಚುಕ್ಕೆ ಕಣ್ಣಿನ ಪಾಪೆಗೆ ನೇರವಾಗಿ ಬರುವಂತೆ ಗಾಜಿನ ಅಂಚು ತೀಡಿ, ಚೌಕಟ್ಟಿಗೆ ಕೂರಿಸಿ, ಕೊನೆಗೆ ಚುಕ್ಕೆಯನ್ನು ಒರೆಸಿ ಕಳಿಸುತ್ತೇನೆ. ಅರ್ಧ ಮಿಲಿಮೀಟರು ಆಚೀಚೆಯಾದರೂ ಹಾಕಿಕೊಂಡವರಿಗೆ ತಲೆನೋವು. ಈ ಕೆಲಸವನ್ನು ಎರಡು ವರ್ಷ ಸಂಜೆ ತರಗತಿಗೆ ಹೋಗಿ ಕಲಿತೆ. ನನ್ನ ತಂಗಿ ಅದೇ ಬೀದಿಯ ಕೊನೆಯಲ್ಲಿ ಕೂದಲು ಕತ್ತರಿಸುತ್ತಾಳೆ. ಅವಳು ಯಾವ ತರಗತಿಗೂ ಹೋಗಲಿಲ್ಲ. ಕತ್ತರಿ ಹಿಡಿದಳು, ಕೈಗೆ ಬಂತು. ಅವಳ ವಿಷಯದಲ್ಲಿ ಎಲ್ಲವೂ ಹಾಗೆಯೇ.

ನಮ್ಮಿಬ್ಬರಿಗೂ ಹುಚ್ಚು ಹಿಡಿಸಿದ್ದು ‘ಗೂಡು’ ಎಂಬ ಆಟಗಳ ಸರಣಿ. ಕಾಡುಮೇಡು ಅಲೆದು ವಿಚಿತ್ರ ಪ್ರಾಣಿಗಳನ್ನು ಹಿಡಿದು, ಸಾಕಿ, ಪಳಗಿಸಿ, ಬೇರೆಯವರ ಪ್ರಾಣಿಗಳ ಜೊತೆ ಕಾದಾಡಿಸುವ ಆಟ. ಇಲ್ಲಿಯವರೆಗೆ ಐದು ಭಾಗ ಬಂದಿವೆ. ಆಟದೊಳಗಿನ ಪ್ರತಿ ಊರಿನಲ್ಲೂ ಗಾಯಗೊಂಡ ಪ್ರಾಣಿಗಳಿಗೆ ಒಂದು ಆರೈಕೆ ಮನೆ, ಅಲ್ಲಿ ಬಿಳಿ ಬಟ್ಟೆಯ ದಾದಿ. ಐದು ಭಾಗಗಳಿಗೂ ಖಳರ ಗುಂಪು ಒಂದೇ: ಬೂದಿಪಡೆ. ಬೂದು ಸಮವಸ್ತ್ರ, ಎದೆಯ ಮೇಲೆ ನಾಲ್ಕೆಸಳಿನ ಗುರುತು, ಕಸುಬು ಕಂಡವರ ಪ್ರಾಣಿ ಕದಿಯುವುದು. ಅವರು ಯಾರು, ಎಲ್ಲಿಂದ ಬಂದರು, ಏಕೆ ಕದಿಯುತ್ತಾರೆ ಎಂದು ಆಟ ಎಲ್ಲೂ ಬಿಡಿಸಿ ಹೇಳುವುದಿಲ್ಲ. ಹೇಳದೆ ಬಿಟ್ಟ ಆ ಜಾಗದಲ್ಲೇ ನಮ್ಮಂಥವರು ಸಂಸಾರ ಹೂಡುವುದು.

ಅಂತರ್ಜಾಲದಲ್ಲಿ ನಮ್ಮದೊಂದು ಚಾವಡಿಯಿದೆ. ಅಲ್ಲಿ ನಾವು ನಮ್ಮ ನಮ್ಮ ಊಹೆಗಳನ್ನು ಬರೆದು ಹಾಕುತ್ತೇವೆ, ಬೇರೆಯವರು ಅದನ್ನು ಜಗ್ಗಿ ನೋಡುತ್ತಾರೆ. ಎಲ್ಲರಿಗೂ ಅಡ್ಡಹೆಸರುಗಳೇ. ನಾನು ಅರ್ಧಮಿಲಿ. ತಂಗಿ ಕತ್ತರಿ. ಚಾವಡಿ ನಡೆಸುವವರು ಹಳೇ ಬ್ಯಾಟರಿ ಎಂಬ ಹಿರಿಯರು. ಲಿಫ್ಟ್ ರಿಪೇರಿ ಮಾಡಿ ನಿವೃತ್ತರಾದವರು. ವರ್ಷಕ್ಕೊಂದು ಭಾನುವಾರ ಒಂದು ಶಾಲೆಯ ಸಭಾಂಗಣದಲ್ಲಿ ಎಲ್ಲರೂ ಸೇರುತ್ತೇವೆ. ಅಂದು ಒಬ್ಬರಿಗೆ ಮಾತ್ರ ವೇದಿಕೆಯ ಮೇಲೆ ನಲವತ್ತು ನಿಮಿಷ ಮಾತಾಡುವ ಅವಕಾಶ. ಅದಕ್ಕೆ ಮುಖ್ಯ ಮಾತು ಎಂದು ಹೆಸರು. ಒಂಬತ್ತು ವರ್ಷಗಳಿಂದ ನಾನು ಆ ನಲವತ್ತು ನಿಮಿಷಗಳನ್ನೇ ಬಯಸಿಕೊಂಡು ಬಂದಿದ್ದೆ.

ತಂಗಿಗೆ ಈ ಆಟ ತೋರಿಸಿಕೊಟ್ಟವಳು ನಾನು. ಹೇಳಿಕೊಳ್ಳಬಾರದೇನೋ. ಆದರೆ ಆ ಲೆಕ್ಕ ಒಳಗೆ ಇದ್ದೇ ಇತ್ತು.

ನನ್ನ ಊಹೆ ಹೆಜ್ಜೆಗಳದು. ಆಟದಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಎಷ್ಟು ಹೆಜ್ಜೆ ಎಂದು ಎಣಿಸಿ, ಗ್ರಾಫ್ ಹಾಳೆಯ ಮೇಲೆ ಐದು ಭಾಗಗಳ ನಕ್ಷೆ ಬರೆದಿದ್ದೆ. ಬೂದಿಪಡೆಯ ಅಡಗುತಾಣಗಳೆಲ್ಲ ಒಂದೇ ಗೆರೆಯ ಮೇಲೆ ಬೀಳುತ್ತವೆ. ಹಾಗಾದರೆ ಅಲ್ಲೊಂದು ಹಳೆಯ ರಸ್ತೆಯಿತ್ತು, ಇವರು ಆ ರಸ್ತೆಯ ಜನ, ಎಂಬುದು ನನ್ನ ವಾದ. ನಲವತ್ತೆರಡು ಪುಟ. ಚಾವಡಿಯಲ್ಲಿ ಹಾಕಿದಾಗ ಮೂರು ಉತ್ತರ ಬಂದವು. ಒಬ್ಬರು ಬಿಡುವಾದಾಗ ಓದುತ್ತೇನೆ ಎಂದರು. ಇನ್ನೊಬ್ಬರು ನೀಲಿ ಬಾವಲಿ ಯಾವ ಗುಹೆಯಲ್ಲಿ ಸಿಗುತ್ತದೆ ಎಂದು ಕೇಳಿದರು. ಮೂರನೆಯದು ತಂಗಿಯದು: ‘ಅಬ್ಬಾ ಅಕ್ಕ.’

ಅವಳ ಊಹೆ ಹುಟ್ಟಿದ್ದು ಒಂದು ಸಂಜೆ, ಮನೆಯಲ್ಲಿ ಬಟ್ಟೆ ಮಡಿಸುವಾಗ.

“ಅಕ್ಕ, ಆ ಬೂದಿಪಡೆಯೋರೆಲ್ಲ ಮೊದಲು ದಾದಿಯರೇ ಇರ್ಬೇಕು ಕಣೆ,” ಎಂದಳು.

“ಆಧಾರ ಏನು?”

“ಮುಖ ನೋಡು. ಪಾಳಿ ಮುಗಿಸಿ, ಇನ್ನೊಂದು ಪಾಳಿನೂ ನೀನೇ ಮಾಡು ಅಂದಾಗ ಬರೋ ಮುಖ ಅದು. ನನ್ನ ಕುರ್ಚೀಲಿ ದಿನಾ ಕೂರ್ತಾರೆ ಅಂಥೋರು.”

“ಮುಖ ಆಧಾರ ಆಗಲ್ಲ.”

“ಬಿಳಿ ಬಟ್ಟೇನ ಹತ್ತು ವರ್ಷ ಒಗೆದ್ರೆ ಏನಾಗುತ್ತೆ? ಬೂದು.” ಕೈಯಲ್ಲಿದ್ದ ದಿಂಬಿನ ಚೀಲ ಎತ್ತಿ ತೋರಿಸಿದಳು. “ಇಗೋ ಆಧಾರ.”

ನಾನು ನಕ್ಕುಬಿಟ್ಟೆ. ಮರುವಾರ ಅವಳು ಅದನ್ನೇ ಹನ್ನೆರಡು ಸಾಲಿನಲ್ಲಿ ಚಾವಡಿಯಲ್ಲಿ ಹಾಕಿದಳು. ಆರೈಕೆ ಮನೆಗಳಲ್ಲಿ ದುಡಿದು ದಣಿದವರು ಎದ್ದು ಹೋದರು. ಪ್ರಾಣಿಗಳನ್ನು ಕಾದಾಡಿಸಿ ಗಾಯ ಮಾಡಿ ತಂದು ಹಾಕುವವರ ಮೇಲೆ ಅವರಿಗೆ ಸಿಟ್ಟು. ಅವರು ಕದಿಯುತ್ತಿಲ್ಲ, ಬಿಡಿಸಿಕೊಂಡು ಹೋಗುತ್ತಿದ್ದಾರೆ. ಕೊನೆಯ ಸಾಲು: ‘ಮೂರನೇ ಭಾಗದ ಅಡಗುತಾಣದ ನೆಲಮಾಳಿಗೆಯಲ್ಲಿ ಒಂದು ಫಲಕವಿದೆ. ಅದರ ಮೇಲೆ ದಾದಿಯರ ಪಾಳಿಪಟ್ಟಿ ಬರೆದಿದೆ. ಹೋಗಿ ನೋಡಿ.’

ಎರಡು ದಿನದಲ್ಲಿ ನಾನೂರು ಉತ್ತರ ಬಂದವು. ಆಸ್ಪತ್ರೆಯಲ್ಲಿ ಕೆಲಸ ಮಾಡುವ ಒಬ್ಬಾಕೆ, ಓದಿ ಅತ್ತೆ ಎಂದು ಬರೆದರು. ಯಾರೋ ಚಿತ್ರ ಬರೆದರು. ವಾರ ಕಳೆಯುವಷ್ಟರಲ್ಲಿ ಹಳೇ ಬ್ಯಾಟರಿ, ಈ ಸಲದ ಮುಖ್ಯ ಮಾತು ಕತ್ತರಿಯದು ಎಂದು ಘೋಷಿಸಿದರು.

ಹೊಟ್ಟೆಕಿಚ್ಚು ಎಂದರೆ ಉರಿ ಎಂದುಕೊಂಡಿದ್ದೆ. ನನಗೆ ಬಂದದ್ದು ತಣ್ಣಗಿತ್ತು, ಅಚ್ಚುಕಟ್ಟಾಗಿತ್ತು. ಅವಳು ಹಲ್ಲುಜ್ಜುತ್ತ ಗುನುಗುವುದು, ಗಿರಾಕಿಗಳಿಗೆ ಫೋನಿನಲ್ಲಿ ಸುದ್ದಿ ಹೇಳುವುದು, ಹೇಳುವಾಗ ನಗುವುದು ಎಲ್ಲವನ್ನೂ ಎಣಿಸಿಕೊಳ್ಳತೊಡಗಿದೆ. ಅಮ್ಮ, “ಯಾಕೆ ಮುಖ ಊದಿಸ್ಕೊಂಡಿದೀಯ? ಅವಳಿಗೆ ಒಳ್ಳೇದಾದ್ರೆ ನಿನ್ನ ಗಂಟೇನು ಹೋಯ್ತು?” ಎಂದರು. ನನ್ನ ಗಂಟೇ ಹೋಗಿತ್ತು. ಆದರೆ ಅದನ್ನು ಅಮ್ಮನಿಗೆ ತಿಳಿಸಿ ಹೇಳುವುದು ಹೇಗೆ?

ಮೂರನೇ ಭಾಗದ ನನ್ನ ಆಟವನ್ನು ತೆಗೆದು ಆ ನೆಲಮಾಳಿಗೆಗೆ ಹೋದೆ. ಫಲಕ ಇತ್ತು. ಹತ್ತಿರ ಹೋಗಿ ಗುಂಡಿ ಒತ್ತಿದರೆ ಬಂದ ಸಾಲು: ‘ಇಲ್ಲಿ ಏನೂ ಬರೆದಿಲ್ಲ.’ ಮೂರು ಸಲ ಒತ್ತಿದೆ. ಸುಳ್ಳು ಹೇಳಬಾರದು, ಮೂರನೆಯ ಸಲ ನನಗೆ ಹಾಯೆನಿಸಿತು.

ಅರ್ಧಮಿಲಿ ಎಂಬ ಹೆಸರಿನಲ್ಲಿ ಬರೆಯುವ ಧೈರ್ಯವಾಗಲಿಲ್ಲ. ದಾರಿಹೋಕ ಎಂಬ ಹೊಸ ಹೆಸರು ಮಾಡಿಕೊಂಡೆ. ಫೋಟೋ ಸಮೇತ, ಯಾವ ಮೆಟ್ಟಿಲಿನಿಂದ ಎಷ್ಟನೇ ಹೆಜ್ಜೆ ಎಂಬುದರ ಸಮೇತ, ಕ್ರಮಸಂಖ್ಯೆ ಹಾಕಿ ತಿದ್ದುಪಡಿ ಬರೆದೆ. ‘ಭಾವನೆ ಬೇರೆ, ಆಧಾರ ಬೇರೆ’ ಎಂದು ಮುಗಿಸಿದೆ. ಒಬ್ಬೊಬ್ಬರಾಗಿ ಎಷ್ಟೋ ಜನ ತಮ್ಮ ತಮ್ಮ ಆಟದಲ್ಲಿ ಹೋಗಿ ನೋಡಿದರು. ನೋಡಿದವರೆಲ್ಲರ ಫಲಕವೂ ಖಾಲಿ. ನಿನ್ನೆ ಅತ್ತಿದ್ದವರು ಇಂದು, ‘ಕತ್ತರಿ ಕಿವಿ ಮೇಲೆ ಹೂವಿಟ್ಟಳು’ ಎಂದು ಬರೆದರು. ಅವಳ ಉತ್ತರ ಸಂಜೆ ಬಂತು: ‘ಹಾಗಾದರೆ ಬಿಡಿ. ಮುಖ್ಯ ಮಾತಿಗೆ ಬೇರೆಯವರನ್ನು ಕರೆಯಿರಿ.’ ಅಷ್ಟೇ. ಊಟಕ್ಕೆ ಕೂತಾಗ ಆ ವಿಷಯ ಎತ್ತಲಿಲ್ಲ. ಅಮ್ಮನ ಕೂದಲು ಉದ್ದವಾಗಿದೆ, ನಾಳೆ ಕತ್ತರಿಸುತ್ತೇನೆ ಎಂದಳು.

ಹಳೇ ಬ್ಯಾಟರಿ ನನಗೆ ಫೋನ್ ಮಾಡಿದರು. “ಅರ್ಧಮಿಲಿಯವರೇ, ನಿಮ್ಮ ನಕ್ಷೆ ಇದೆಯಲ್ಲ, ಅದನ್ನೇ ಮಾತಾಡಿ. ಇಷ್ಟು ವರ್ಷ ನಾವೇ ಗಮನ ಕೊಡಲಿಲ್ಲ.”

“ಅಷ್ಟೊಂದು ಯೋಗ್ಯತೆ ನನಗಿದೆಯೋ ಇಲ್ಲವೋ,” ಎಂದೆ.

“ನಮ್ಮಲ್ಲಿ ಯಾರಿಗಿದೆ ಹೇಳಿ? ಹತ್ತು ವರ್ಷವಾಯ್ತು, ಮೂರನೇ ಭಾಗದ ಆ ಪಡೆಯ ನಾಯಕನನ್ನ ಸೋಲಿಸೋಕೆ ನನ್ನ ಕೈಲಾಗಿಲ್ಲ. ಯಾರಿಗೂ ಹೇಳ್ಬೇಡಿ, ಮರ್ಯಾದೆ ಹೋಗುತ್ತೆ.”

ನನ್ನ ನಕ್ಷೆಯಲ್ಲಿ ಒಂದು ಕೊರತೆಯಿತ್ತು. ಅಡಗುತಾಣದಲ್ಲಿ ಕಾವಲುಗಾರರು ನಿಂತಿರುವ ಜಾಗಗಳನ್ನು ಗುರುತಿಸಿರಲಿಲ್ಲ. ನನ್ನ ಆಟದಲ್ಲಿ ನಾಯಕ ಸೋತು ಪಡೆ ಜಾಗ ಖಾಲಿ ಮಾಡಿಕೊಂಡು ಹೋಗಿ ಒಂಬತ್ತು ವರ್ಷವಾಗಿತ್ತು. ಹೊಸದಾಗಿ ಆಡಬೇಕೆಂದರೆ ಹಳೆಯದನ್ನು ಅಳಿಸಬೇಕು. ಸಾಕಿದ ಪ್ರಾಣಿಗಳೆಲ್ಲ ಹೋಗುತ್ತವೆ. ಅದಕ್ಕೇ ಹಳೇ ಬ್ಯಾಟರಿಯವರ ಮುಗಿಯದ ಆಟವನ್ನು ಕೆಲವು ದಿನದ ಮಟ್ಟಿಗೆ ಕೊಡುತ್ತೀರಾ ಎಂದು ಕೇಳಿದೆ. ಅವರೇ ಆಟದ ಪುಟ್ಟ ಯಂತ್ರವನ್ನು ಅಂಗಡಿಗೆ ತಂದುಕೊಟ್ಟರು.

ಸಭೆಗೆ ಒಂದು ದಿನ ಮುಂಚೆ, ಶನಿವಾರ ಮಧ್ಯಾಹ್ನದ ಬಿಡುವಿನಲ್ಲಿ, ಕೆಲಸದ ಮೇಜಿನ ಮೇಲೇ ಅದನ್ನು ತೆರೆದೆ. ಕಾವಲುಗಾರರನ್ನು ಒಬ್ಬೊಬ್ಬರನ್ನಾಗಿ ನಕ್ಷೆಗೆ ಇಳಿಸುತ್ತ ನೆಲಮಾಳಿಗೆಗೆ ಬಂದೆ. ಫಲಕದ ಮುಂದೆ ನಿಂತು, ಅಭ್ಯಾಸಬಲದಿಂದ ಗುಂಡಿ ಒತ್ತಿದೆ.

‘ಬೆಳಗಿನ ಪಾಳಿ: ಇಬ್ಬರು. ಸಂಜೆಯ ಪಾಳಿ: ಇಬ್ಬರು. ಜ್ವರ ಬಂದ ಮರಿಗಳನ್ನು ಒಲೆಯ ಹತ್ತಿರ ಮಲಗಿಸಿ. ಯಾರೂ ಒಬ್ಬರೇ ಎರಡು ಪಾಳಿ ಮಾಡಬೇಡಿ.’

ನಾಯಕ ಸೋತ ಮೇಲೆ ಫಲಕವನ್ನು ಒರೆಸಿಬಿಡುತ್ತಾರೆ. ಮುಗಿದ ಆಟದಲ್ಲಿ ಹುಡುಕಿದರೆ ಅದು ಖಾಲಿಯೇ ಇರುತ್ತದೆ. ಚಾವಡಿಯಲ್ಲಿ ಇಷ್ಟು ಜನ ನೋಡಿದೆವು. ಎಲ್ಲರೂ ಆಟ ಮುಗಿಸಿದ್ದೇವೆಂದು ಹೆಮ್ಮೆಪಡುವವರು. ಮುಗಿಸದ ಹಳೇ ಬ್ಯಾಟರಿ ಮರ್ಯಾದೆಗೆ ಅಂಜಿ ನೋಡುವ ಗೋಜಿಗೇ ಹೋಗಿರಲಿಲ್ಲವೇನೋ. ತಂಗಿ ಯಾವ ಆಟವನ್ನೂ ಕೊನೆ ಮುಟ್ಟಿಸಿದವಳಲ್ಲ. ದಿನಕ್ಕೆ ಮೂವತ್ತು ಸಲ ಗಾಜಿನ ಮೇಲಿನ ಚುಕ್ಕೆ ಒರೆಸುವವಳಿಗೆ, ಖಾಲಿ ಫಲಕ ಕಂಡಾಗ ‘ಒರೆಸಿರಬಹುದೇ’ ಎಂಬ ಪ್ರಶ್ನೆ ಬರಬೇಕಿತ್ತು. ಬರಲಿಲ್ಲ. ಬರುವುದು ನನಗೆ ಬೇಕಿರಲಿಲ್ಲ.

ಸುಮ್ಮನಿದ್ದುಬಿಡಬಹುದಿತ್ತು. ಆ ಯೋಚನೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ಗಾಜು ಕೂರಿಸುವಷ್ಟು ಹೊತ್ತು ಇತ್ತು. ಎರಡನೆಯದನ್ನು ಕೂರಿಸಿ ಅಳೆದರೆ ಒಂದು ಮಿಲಿಮೀಟರು ತಪ್ಪಿತ್ತು. ಅದನ್ನು ಬಿಚ್ಚಿಟ್ಟು, ಮಾಲೀಕರಿಗೆ ಹೇಳಿ, ಬೀದಿಯ ಕೊನೆಗೆ ಹೋದೆ.

ತಂಗಿಯ ಕುರ್ಚಿಯಲ್ಲಿ ಅಂಚೆ ಹಂಚುವ ಹೆಂಗಸು ಕೂತಿದ್ದರು.

“ಫಲಕದ ಮೇಲೆ ಪಟ್ಟಿ ಇದೆ,” ಎಂದೆ. “ಈಗ ನೋಡಿದೆ. ನೀನು ಹೇಳಿದ್ದು ಸರಿ.”

“ಹೂಂ. ನನ್ನ ಆಟದಲ್ಲಿ ಇದ್ದೇ ಇದೆಯಲ್ಲ,” ಎಂದಳು. ಆಮೇಲೆ ಕುರ್ಚಿಯಲ್ಲಿದ್ದವರಿಗೆ, “ಸ್ವಲ್ಪ ತಲೆ ಬಗ್ಗಿಸಿ.”

“ಆ ದಾರಿಹೋಕ ನಾನೇ.”

ಕತ್ತರಿ ನಿಲ್ಲಲಿಲ್ಲ. “ಗೊತ್ತು. ಒಂದು, ಎರಡು, ಮೂರು ಅಂತ ನಂಬರ್ ಹಾಕಿ ಜಗಳ ಆಡೋರು ಈ ಲೋಕದಲ್ಲಿ ಇನ್ಯಾರಿದ್ದಾರೆ?”

“ಏನಮ್ಮ ಜಗಳ?” ಎಂದು ಅಂಚೆಯಾಕೆ ಕನ್ನಡಿಯೊಳಗಿಂದಲೇ ನನ್ನನ್ನು ಕೇಳಿದರು.

“ಏನಿಲ್ಲ, ಆಟದ ವಿಷಯ,” ಎಂದೆ. ತಂಗಿಗೆ, “ಗೊತ್ತಿದ್ದೂ ಯಾಕೆ ಸುಮ್ನಿದ್ದೆ? ಒಂದು ಫೋಟೋ ಹಾಕಿದ್ರೆ ಮುಗೀತಿತ್ತಲ್ಲ.”

“ಕಿವಿ ಹತ್ರ ಕೈ ತರಬೇಡಿ, ಕತ್ತರಿ ಇದೆ,” ಎಂದಳು ಅವಳು, ಅಂಚೆಯಾಕೆಗೆ.

“ನಾಳೆ ನೀನೇ ಮಾತಾಡು. ನಾನು ಹಳೇ ಬ್ಯಾಟರಿಯವರಿಗೆ ಹೇಳ್ತೀನಿ.”

“ಬೇಡ ಮಾರಾಯ್ತಿ. ಒಂಬತ್ತು ವರ್ಷ ಕಾದಿದೀಯ. ಹೋಗಿ ನಿನ್ನ ಹೆಜ್ಜೆ ಎಣಿಸು.”

ಅದು ಅಕ್ಕರೆಯೋ ಚುಚ್ಚುಮಾತೋ ತಿಳಿಯಲಿಲ್ಲ. ಕನ್ನಡಿಯಲ್ಲಿ ಅವಳ ಮುಖ ಕಾಣುತ್ತಿತ್ತು; ಕಣ್ಣು ಮಾತ್ರ ಕೂದಲಿನ ಮೇಲಿತ್ತು.

ಭಾನುವಾರ ಸಭಾಂಗಣ ತುಂಬಿತ್ತು. ತಂಗಿ ಹಿಂದಿನ ಸಾಲಿನಲ್ಲಿ ಕೂತಿದ್ದಳು. ನನ್ನ ನಕ್ಷೆಯನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿದರು. ಅಷ್ಟು ದೊಡ್ಡದಾಗಿ ನಾನೂ ಅದನ್ನು ನೋಡಿರಲಿಲ್ಲ, ಚೆನ್ನಾಗಿತ್ತು. ಜನ ತಲೆಯೆತ್ತಿ ನೋಡುತ್ತಿದ್ದರು. ಒಂದು ನಿಮಿಷ ಹಾಗೇ ಬಿಟ್ಟೆ. ಆಮೇಲೆ ಅದನ್ನು ತೆಗೆಸಿ, ಹಳೇ ಬ್ಯಾಟರಿಯವರ ಆಟದ ಫಲಕದ ಚಿತ್ರ ಹಾಕಿಸಿದೆ. ಅದು ಯಾರ ಆಟವೆಂದು ಹೇಳಲಿಲ್ಲ. ದಾರಿಹೋಕ ನಾನೇ, ಮುಗಿದ ಆಟದಲ್ಲಿ ನೋಡಿ ತಪ್ಪು ಹೇಳಿದೆ, ನೋಡುವ ಮೊದಲೇ ತಪ್ಪು ಸಿಗಲಿ ಎಂದು ಬಯಸಿದ್ದೆ, ಕತ್ತರಿ ನನ್ನ ತಂಗಿ. ಹಾಳೆಯಲ್ಲಿ ಬರೆದುಕೊಂಡದ್ದನ್ನು ಓದಿದೆ. ಸಾಲು ತಪ್ಪಿ ಎರಡು ವಾಕ್ಯ ಮತ್ತೆ ಓದಬೇಕಾಯಿತು. ಕೊನೆಗೆ, “ಉಳಿದ ಮೂವತ್ತೈದು ನಿಮಿಷ ಅವಳದು,” ಎಂದೆ.

ಅವಳು ಬರುವುದಿಲ್ಲ ಎಂದುಕೊಂಡೆ. ನಿಧಾನವಾಗಿ ಎದ್ದು ಬಂದಳು. ಧ್ವನಿವರ್ಧಕ ಕೊಡುವಾಗ ನಮ್ಮ ಬೆರಳು ತಗುಲಿದವು, ಅವಳವು ತಣ್ಣಗಿದ್ದವು. ಕೈಯಲ್ಲಿ ಒಂದು ಚೀಟಿಯೂ ಇಲ್ಲ. “ನಿಮ್ಮಲ್ಲಿ ಎರಡು ಪಾಳಿ ಮಾಡಿದೋರು ಯಾರಿದೀರಿ, ಕೈಯೆತ್ತಿ,” ಎಂದು ಶುರುಮಾಡಿದಳು. ಅರ್ಧ ಸಭೆ ಕೈಯೆತ್ತಿತು. “ಹಾಗಾದ್ರೆ ಬೂದಿಪಡೆಗೆ ಅರ್ಜಿ ಹಾಕ್ಬಹುದು ನೀವು.” ಜನ ನಕ್ಕರು, ಆಮೇಲೆ ನಗು ನಿಲ್ಲಿಸಿ ಕೇಳಿದರು. ಮುಗಿದಾಗ ಎಷ್ಟೋ ಹೊತ್ತು ಚಪ್ಪಾಳೆ. ನಾನೂ ತಟ್ಟಿದೆ. ತಟ್ಟುತ್ತಿದ್ದಾಗಲೂ ಎದೆಯೊಳಗೆ ಆ ತಣ್ಣನೆಯ ವಸ್ತು ಇದ್ದಲ್ಲೇ ಇತ್ತು. ತಪ್ಪೊಪ್ಪಿಕೊಂಡರೆ ಅದು ಹೋಗುತ್ತದೆ ಎಂದು ನಂಬಿದ್ದೆ, ಹೋಗಲಿಲ್ಲ.

ನನ್ನ ನಕ್ಷೆಯನ್ನು ನೋಡಬೇಕೆಂದು ಆಮೇಲೆ ಇಬ್ಬರು ಹತ್ತಿರ ಬಂದರು. ಇಬ್ಬರು ಬಂದರು ಎಂಬುದನ್ನೂ ಹೇಳಬೇಕು.

ಅವಳು ಒಂದು ಫೋಟೋ ಹಾಕಿದ್ದರೆ ಅಂದೇ ನನ್ನ ಬಾಯಿ ಮುಚ್ಚುತ್ತಿತ್ತು. ಏಕೆ ಹಾಕಲಿಲ್ಲ ಎಂದು ಆಮೇಲೆ ಎರಡು ಸಲ ಕೇಳಿದ್ದೇನೆ. ಒಂದು ಸಲ “ಸೋಮಾರಿತನ ಕಣೆ” ಎಂದಳು. ಇನ್ನೊಂದು ಸಲ “ನಿಂಗೆ ಅಷ್ಟು ಬೇಕಿತ್ತಲ್ಲ, ಇಟ್ಕೊ ಅಂತ ಬಿಟ್ಟೆ” ಎಂದು ಪಾತ್ರೆ ಒರೆಸುತ್ತ ಹೋದಳು. ನನಗಾಗಿ ಬಿಟ್ಟುಕೊಟ್ಟಳೋ, ನಾನೇ ಸಿಕ್ಕಿಬೀಳಲಿ ಎಂದು ಕಾದಳೋ, ಅಥವಾ ಸ್ವಂತ ಅಕ್ಕನೇ ಹೀಗೆ ಬರೆದದ್ದನ್ನು ಓದಿ ಅವಳಿಗೆ ಆಟವೇ ಬೇಡವಾಗಿತ್ತೋ, ನನಗೆ ಗೊತ್ತಿಲ್ಲ.